ಗೋಬರ್ ಗ್ಯಾಸ್ ಗುಂಡಿಯಿಂದ ಜಲಜನಕ ತೆಗೆಯಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಮಕ್ಕಳ ಜೊತೆ ಸೇರಿ ಜೋನಿ ಬೆಲ್ಲ ಮತ್ತು ಸಗಣಿ ನೀರಿನಿಂದ ಜಲಜನಕ, ಅಂದರೆ ಹೈಡ್ರೋಜನ್, ತೆಗೆದು ತೋರಿಸಿದೆವು. ಅಂದಿನಿಂದ ಪ್ರಶ್ನೆಗಳು ನಿಂತಿಲ್ಲ. ತೋಟದವರು ಕೇಳುತ್ತಾರೆ, ಕುಮಟಾ ಕಡೆಯ ಗೇರು ಬೆಳೆಗಾರರು ಕೇಳುತ್ತಾರೆ, ಕಾರವಾರದಿಂದ ಕಾಲೇಜು ಹುಡುಗರು ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಜಲಜನಕಕ್ಕೆ ಈಗ ಇಷ್ಟು ಬೆಲೆ ಯಾಕೆ ಬಂತು?

ಹೆಸರಲ್ಲೇ ಇದೆಯಲ್ವಾ, ನೀರನ್ನು ಹುಟ್ಟಿಸುವುದು. ಉರಿಸಿದರೆ ಮಸಿ ಇಲ್ಲ, ಇಂಗಾಲದ ಡೈಆಕ್ಸೈಡ್ ಇಲ್ಲ. ಒಂದು ಕಿಲೋ ಉರಿದರೆ ಒಂಬತ್ತು ಕಿಲೋ ನೀರಾಗುತ್ತದೆ, 120 ಮೆಗಾಜೂಲ್ ಶಾಖ ಸಿಗುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಇರುವುದಕ್ಕಿಂತ ಇದು ಎರಡೂವರೆ ಪಟ್ಟಿಗೂ ಜಾಸ್ತಿ.

ಆದರೆ ಈಗ ನಮ್ಮ ದೇಶದಲ್ಲಿ ಬಳಕೆಯಾಗುವ ಜಲಜನಕದ ಹೆಚ್ಚು ಪಾಲು ನೈಸರ್ಗಿಕ ಅನಿಲದಿಂದ ಬರುತ್ತದೆ. ಒಂದು ಕಿಲೋ ಜಲಜನಕ ತೆಗೆಯಲು ಸುಮಾರು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಈ ಜಲಜನಕವನ್ನು ಬಳಸುವುದು ಕಚ್ಚಾ ಎಣ್ಣೆ ಸಂಸ್ಕರಣೆಯ ಕಾರ್ಖಾನೆಗಳು, ರಸಗೊಬ್ಬರದ ಕಾರ್ಖಾನೆಗಳು. ಗದ್ದೆಗೆ ಎರಚುವ ಯೂರಿಯಾದ ಹಿಂದೆಯೂ ಇದೇ ಜಲಜನಕ ಇದೆ. ಅದಕ್ಕೇ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ, ಅಂದರೆ ನವೀಕರಿಸುವ ಮೂಲದಿಂದ ತೆಗೆದ ಜಲಜನಕ, ಅನ್ನುವುದು ಗುರಿ.

ಸೂಕ್ಷ್ಮಜೀವಿಗಳು ಜಲಜನಕವನ್ನು ಯಾಕೆ ತಯಾರಿಸುತ್ತವೆ? ಅವಕ್ಕೇನು ಲಾಭ?

ನಮಗಾಗಿ ಅಲ್ಲ, ಬದುಕಿಕೊಳ್ಳಲಿಕ್ಕೆ. ಯಾವ ಜೀವಿ ಸಕ್ಕರೆ ಒಡೆದರೂ ಎಲೆಕ್ಟ್ರಾನ್‌ಗಳು ಉಳಿಯುತ್ತವೆ. ನಾವಾದರೆ ಉಸಿರಾಡಿದ ಆಮ್ಲಜನಕಕ್ಕೆ ಅವನ್ನು ಒಪ್ಪಿಸುತ್ತೇವೆ. ಗಾಳಿಯೇ ಇಲ್ಲದ ಗುಂಡಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಏನು ಮಾಡಬೇಕು? ನೀರಿನಲ್ಲಿರುವ ಪ್ರೋಟಾನ್‌ಗೆ ಎಲೆಕ್ಟ್ರಾನ್ ಅಂಟಿಸಿ ಜಲಜನಕವಾಗಿ ಹೊರಗೆ ಬಿಟ್ಟುಬಿಡುತ್ತದೆ. ಆ ಕೆಲಸ ಮಾಡುವ ಕಿಣ್ವದ ಹೆಸರು ಹೈಡ್ರೋಜನೇಸ್. ಅದರ ಹೊಟ್ಟೆಯಲ್ಲಿರುವುದು ಕಬ್ಬಿಣ, ಕೆಲವದರಲ್ಲಿ ಕಬ್ಬಿಣದ ಜೊತೆ ನಿಕಲ್. ನೀರು ಒಡೆದು ಜಲಜನಕ ತೆಗೆಯುವ ಕೆಲವು ಯಂತ್ರಗಳಿಗೆ ಬೇಕಾಗುವ ಪ್ಲಾಟಿನಂ ಅದಕ್ಕೆ ಬೇಡ. ನನಗೆ ಈ ಇಡೀ ವಿಷಯದಲ್ಲಿ ಅತಿ ಸುಂದರವಾಗಿ ಕಾಣುವುದು ಇದೇ.

ನಮ್ಮ ಮನೆ ಗೋಬರ್ ಗ್ಯಾಸ್‌ನಲ್ಲಿ ಜಲಜನಕ ಇದೆಯಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬರಬೇಕಾದದ್ದೇ. ಶಿರಸಿ, ಸಿದ್ದಾಪುರದ ಕಡೆ ಕೊಟ್ಟಿಗೆ ಇದ್ದ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸ್ ಇರುವುದು ಹೊಸ ಸಂಗತಿ ಅಲ್ಲ. ಗೋಬರ್ ಗ್ಯಾಸ್ ಚೆನ್ನಾಗಿ ನಡೆದ ಊರು ಎಂದು ಅಧ್ಯಯನ ಮಾಡುವವರು ಶಿರಸಿಯನ್ನು ಹುಡುಕಿಕೊಂಡು ಬಂದಿದ್ದಾರೆ.

ಉತ್ತರ: ಗುಂಡಿಯಲ್ಲಿ ಪ್ರತಿ ಗಳಿಗೆಯೂ ಜಲಜನಕ ಹುಟ್ಟುತ್ತಿದೆ. ಒಲೆಗೆ ಮಾತ್ರ ಬರುವುದಿಲ್ಲ. ಯಾಕೆಂದರೆ ಹುಟ್ಟಿದ ಕೂಡಲೇ ಅದನ್ನು ತಿನ್ನುವವರು ಪಕ್ಕದಲ್ಲೇ ಕುಳಿತಿರುತ್ತಾರೆ. ಮೊದಲ ಗುಂಪಿನ ಬ್ಯಾಕ್ಟೀರಿಯಾ ಸಗಣಿಯ ನಾರು, ಪಿಷ್ಟ, ಸಕ್ಕರೆಯನ್ನು ಒಡೆದು ಹುಳಿ, ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ ಮಾಡುತ್ತವೆ. ಎರಡನೇ ಗುಂಪು ಒಲೆಯಲ್ಲಿ ಉರಿಯುವ ಮಿಥೇನ್ ಅನಿಲ ಮಾಡುವ ಜೀವಿಗಳದ್ದು. ಅವುಗಳಲ್ಲಿ ಕೆಲವು ಹುಳಿಯನ್ನು ತಿನ್ನುತ್ತವೆ, ಕೆಲವು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಸೇರಿಸಿ ಮಿಥೇನ್ ಮಾಡುತ್ತವೆ. ಕೊನೆಗೆ ಪೈಪಿನಲ್ಲಿ ಬರುವುದು ನೂರಕ್ಕೆ 55ರಿಂದ 65 ಪಾಲು ಮಿಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್.

ಈ ಕೊಡುಕೊಳ್ಳುವಿಕೆ ಎಷ್ಟು ಹತ್ತಿರದ್ದು ಗೊತ್ತಾ? ಬಹಳ ವರ್ಷ ವಿಜ್ಞಾನಿಗಳು ಒಂದೇ ಜೀವಿ ಅಂದುಕೊಂಡು ಒಂದು ಸೂಕ್ಷ್ಮಜೀವಿಯನ್ನು ಬೆಳೆಸುತ್ತಿದ್ದರು. 1967ರಲ್ಲಿ ಬ್ರಯಂಟ್ ಮತ್ತು ಸಂಗಡಿಗರು ಅದು ಒಂದಲ್ಲ, ಎರಡು ಜೀವಿ ಎಂದು ತೋರಿಸಿದರು. ಒಂದು ಜಲಜನಕ ಬಿಡುತ್ತಿತ್ತು, ಇನ್ನೊಂದು ಅದನ್ನು ತಿನ್ನುತ್ತಿತ್ತು. ಒಂದನ್ನು ಬಿಟ್ಟು ಒಂದು ಬದುಕಲಾರದಷ್ಟು ಅಂಟಿಕೊಂಡಿದ್ದವು.

ಹಾಗಾದ್ರೆ ತಿನ್ನುವವರನ್ನು ದೂರ ಇಟ್ಟರೆ ಜಲಜನಕ ಸಿಗುತ್ತಲ್ವಾ?

ಸಿಗುತ್ತದೆ. ನಾವು ಮಾಡಿದ್ದು ಅದನ್ನೇ.

ಗೋಬರ್ ಗ್ಯಾಸ್ ಬಗ್ಗಡವನ್ನು ಒಂದು ಚೊಂಬು ತಂದು, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆ ಕುದಿಸಿದೆವು. ಮಿಥೇನ್ ಮಾಡುವ ಜೀವಿಗಳು ಬಿಸಿಗೆ ಸತ್ತು ಹೋಗುತ್ತವೆ. ಜಲಜನಕ ಮಾಡುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಮಾತ್ರ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಕುದಿಯನ್ನೂ ತಡೆದುಕೊಂಡು ಉಳಿಯುತ್ತವೆ. ನೀರು ಉಗುರುಬೆಚ್ಚಗಾದ ಮೇಲೆ ಎರಡು ಲೀಟರ್ ಬಾಟಲಿಗೆ ಹಾಕಿ, ಎರಡು ಚಮಚ ಜೋನಿ ಬೆಲ್ಲ ಕಲಸಿ, ಮುಚ್ಚಳಕ್ಕೆ ಸಲೈನ್ ಪೈಪ್ ಸಿಕ್ಕಿಸಿ ಮೇಣ ಹಚ್ಚಿದೆವು. ಪೈಪಿನ ಇನ್ನೊಂದು ತುದಿ ಸುಣ್ಣದ ತಿಳಿನೀರಿನಲ್ಲಿ.

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಬಾಟಲಿಯ ಕುತ್ತಿಗೆವರೆಗೆ ಸಣ್ಣ ನೊರೆ. ಪೈಪಿನ ತುದಿಯಿಂದ ಗುಳ್ಳೆಗಳು ಒಂದರ ಹಿಂದೆ ಒಂದು. ಸುಣ್ಣದ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು, ಇಂಗಾಲದ ಡೈಆಕ್ಸೈಡ್ ಅಲ್ಲಿ ನಿಂತಿತ್ತು. ದಾಟಿ ಬಂದದ್ದನ್ನು ನೀರು ತುಂಬಿ ಬೋರಲು ಹಾಕಿದ ಪ್ರನಾಳದಲ್ಲಿ ಹಿಡಿದು, ಬಾಯಿಗೆ ಕಡ್ಡಿ ಗೀರಿ ತೋರಿಸಿದೆ. ಟಪ್ ಎಂದು ಸದ್ದಾಯಿತು. ಹಿಂದಿನ ಬೆಂಚಿನವರೂ ಎದ್ದು ಬಂದರು.

ನಾಲ್ಕನೇ ದಿನ ಗುಳ್ಳೆ ನಿಂತಿತು. ಮೂಸಿದರೆ ಹಳೇ ಬೆಣ್ಣೆಯ ಕಮಟು ವಾಸನೆ. ಬ್ಯಾಕ್ಟೀರಿಯಾ ತಾವೇ ಮಾಡಿದ ಹುಳಿಯಲ್ಲಿ ತಾವೇ ಸೋತಿದ್ದವು. ಅಡುಗೆ ಸೋಡ ಹಾಕಿ ಹುಳಿ ಇಳಿಸಿದ ಮೇಲೆ ಮತ್ತೆ ಶುರುವಾಯಿತು. ಪ್ರಯೋಗಾಲಯಗಳಲ್ಲೂ ಇದೇ ಗೋಳು. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 5.5ರ ಆಸುಪಾಸಿನಲ್ಲಿ ಹಿಡಿದಿಟ್ಟರೆ ಜಲಜನಕ ಚೆನ್ನಾಗಿ ಬರುತ್ತದೆ. ಅದಕ್ಕಿಂತ ತೀರಾ ಕೆಳಗಿಳಿದರೆ ಕೆಲಸ ನಿಲ್ಲುತ್ತದೆ, ಏಳರ ಹತ್ತಿರ ಹೋದರೆ ಮಿಥೇನಿನವರು ಬಂದು ಕೂರುತ್ತಾರೆ.

ಒಂದು ಕಿಲೋ ಸಕ್ಕರೆಯಿಂದ ಎಷ್ಟು ಜಲಜನಕ ಬರುತ್ತದೆ? ಸಿಲಿಂಡರ್ ಬದಲಿಗೆ ಬಳಸಬಹುದಾ?

ಇಲ್ಲಿ ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು.

ಕತ್ತಲಲ್ಲಿ ಹುಳಿಸುವ ಈ ವಿಧಾನದಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಹೆಚ್ಚೆಂದರೆ ನಾಲ್ಕು ಜಲಜನಕದ ಅಣು ಸಿಗುತ್ತವೆ. ಅಂದರೆ ಒಂದು ಕಿಲೋ ಗ್ಲೂಕೋಸಿಗೆ 44 ಗ್ರಾಂ. ಇದು ಬ್ಯಾಕ್ಟೀರಿಯಾದ ಹೊಟ್ಟೆಯೇ ಹಾಕಿದ ಮಿತಿ, ನಮ್ಮ ಕೈಗುಣ ಎಷ್ಟೇ ಒಳ್ಳೆಯದಿದ್ದರೂ ದಾಟಲಾಗದು. ನಿಜವಾಗಿ ಸಿಗುವುದು ಇದರ ಅರ್ಧದ ಹತ್ತಿರ, 22 ಗ್ರಾಂ ಎಂದು ಹಿಡಿಯಿರಿ. ನಮ್ಮ ಬಾಟಲಿಯಲ್ಲಿ ಅದಕ್ಕೂ ಕಡಿಮೆ.

14.2 ಕಿಲೋ ಎಲ್‌ಪಿಜಿ ಸಿಲಿಂಡರಿನಲ್ಲಿರುವ ಶಾಖಕ್ಕೆ ಸುಮಾರು 5.4 ಕಿಲೋ ಜಲಜನಕ ಬೇಕು. ಕಿಲೋಗೆ 22 ಗ್ರಾಂ ಲೆಕ್ಕದಲ್ಲಿ 245 ಕಿಲೋ ಸಕ್ಕರೆ! ಆಲೆಮನೆಯ ಬೆಲ್ಲವನ್ನು ಇದಕ್ಕೆ ಸುರಿಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಲ್ಲ ತಿನ್ನುವುದಕ್ಕೆ. ಈ ಕೆಲಸಕ್ಕೆ ಬೇಕಾದದ್ದು ಯಾರಿಗೂ ಬೇಡವಾದ ಸಕ್ಕರೆ ಮಾತ್ರ.

ಅಷ್ಟು ಕಡಿಮೆ ಅಂದ್ರೆ ಗೋಬರ್ ಗ್ಯಾಸೇ ಒಳ್ಳೆಯದಲ್ವಾ ಸರ್?

ಮನೆ ಒಲೆಗೆ ಖಂಡಿತ ಗೋಬರ್ ಗ್ಯಾಸೇ ಒಳ್ಳೆಯದು. ಸಕ್ಕರೆಯ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಮಿಥೇನಿಗೆ ಹೋಗಬಲ್ಲದು ಎಂದು ಕಾಗದದ ಲೆಕ್ಕ ಹೇಳುತ್ತದೆ. ಜಲಜನಕಕ್ಕೆ ಹೋಗುವುದು ಹೆಚ್ಚೆಂದರೆ ನಾಲ್ಕು ಪಾಲಿನ ಒಳಗೆ. ಉಳಿದ ಶಕ್ತಿ ಎಲ್ಲಿದೆ? ಆ ಕಮಟು ಹುಳಿಯಲ್ಲಿದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಇದ್ದ ಗೋಬರ್ ಗ್ಯಾಸ್ ಗುಂಡಿಯನ್ನು ಯಾರೂ ಒಡೆಯಬಾರದು, ಅದರ ಮುಂದೆ ಒಂದು ಚಿಕ್ಕ ತೊಟ್ಟಿ ಸೇರಿಸುವ ದಾರಿ ಹುಡುಕಬೇಕು. ಮುಂದಿನ ತೊಟ್ಟಿಯಲ್ಲಿ ಒಂದೆರಡು ದಿನ ಹುಳಿಸಿ ಜಲಜನಕ ಹಿಡಿಯುವುದು. ಹುಳಿಯಾದ ನೀರನ್ನು ದೊಡ್ಡ ಗುಂಡಿಗೆ ಬಿಟ್ಟು ಮಿಥೇನ್ ಮಾಡುವುದು. ಬಗ್ಗಡ ಎಂದಿನ ಹಾಗೆ ಅಡಿಕೆ ಬುಡಕ್ಕೆ. ಎರಡು ಹಂತದ ಈ ವಿಧಾನದಲ್ಲಿ ಶಕ್ತಿ ಹಾಳಾಗುವುದಿಲ್ಲ. ಗುಂಡಿಗೂ ಅನುಕೂಲ, ನಾರು ಪಿಷ್ಟ ಮೊದಲೇ ಅರ್ಧ ಜೀರ್ಣವಾಗಿ ಬರುತ್ತದೆ.

ಆದರೆ ಇದು ಒಂದೊಂದು ಮನೆಯ ಕೆಲಸ ಅಲ್ಲ. ಜಲಜನಕವನ್ನು ಬೇರ್ಪಡಿಸಬೇಕು, ಒತ್ತಿ ತುಂಬಬೇಕು. ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋಗೆ 12 ಘನ ಮೀಟರ್ ಜಾಗ ಬೇಕು, ಒಂದು ಸಣ್ಣ ಕೋಣೆಯ ಅರ್ಧದಷ್ಟು. ಸಹಕಾರಿ ಸಂಘದಂಥ ಜಾಗ, ಹಣ್ಣಿನ ರಸದ ಘಟಕ, ದೊಡ್ಡ ಹಾಸ್ಟೆಲಿನ ಅಡುಗೆಮನೆ, ಇಂಥ ಕಡೆ ಆಗಬಹುದಾದದ್ದು.

ನಮ್ಮ ಕಡೆ ಸಿಗುವ ಯಾವ ಕಸ ಇದಕ್ಕೆ ಆಗುತ್ತದೆ?

ಸಿಹಿ ಮತ್ತು ಪಿಷ್ಟ ಇರುವುದು ಮೊದಲು. ಅಕ್ಕಚ್ಚು, ಗಂಜಿ ನೀರು, ಕೊಳೆತ ಬಾಳೆಹಣ್ಣು, ಹಲಸಿನ ಹಣ್ಣಿನ ಸಾರೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಮೇಲೆ ಬರುವ ಕೊಳೆ ನೊರೆ. ಅಕ್ಕಚ್ಚನ್ನು ಆಕಳ ಬಾಯಿಂದ ಕಸಿಯುವುದು ಬೇಡ, ಅದು ಹಾಲಾಗಿ ಬರುತ್ತದೆ.

ನನ್ನ ಕಣ್ಣು ಇರುವುದು ಗೇರುಹಣ್ಣಿನ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಕೋಲಾದಿಂದ ಹೊನ್ನಾವರದವರೆಗೆ ಯಾವ ಗೇರು ಬ್ಯಾಣಕ್ಕೆ ಹೋದರೂ ಬೀಜ ತಿರುಪಿ ಎಸೆದ ಹಣ್ಣು ಮರದ ಬುಡದಲ್ಲಿ ಕೊಳೆಯುತ್ತಿರುತ್ತದೆ. ಅದರ ರಸದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಸಕ್ಕರೆ. ಗಡಿಯಾಚೆ ಗೋವಾದಲ್ಲಿ ಫೆನಿ ಮಾಡುತ್ತಾರೆ, ಇಲ್ಲಿ ಹೆಚ್ಚಿನದು ನೊಣಕ್ಕೆ ಹೋಗುತ್ತದೆ. ಗೇರುಹಣ್ಣಿನ ಒಗರು ಸ್ವಲ್ಪ ತೊಂದರೆ ಕೊಡುತ್ತದೆ, ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಬೇಕು.

ಅಡಿಕೆ ಸಿಪ್ಪೆ ಕೇಳುವವರು ಬಹಳ. ಅದು ನಾರು. ಒಳಗೆ ಸಕ್ಕರೆಯ ಸರಪಣಿ ಇದೆ, ಆದರೆ ಲಿಗ್ನಿನ್ ಎಂಬ ಅಂಟು ಅದನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಬಿಡಿಸಲು ಆಮ್ಲವೋ ಕ್ಷಾರವೋ ಹಬೆಯೋ ಬೇಕು, ಖರ್ಚು ಏರುತ್ತದೆ. ಇಂಥ ಒಣ ನಾರಿಗೆ ಬ್ಯಾಕ್ಟೀರಿಯಾಕ್ಕಿಂತ ಬೆಂಕಿಯೇ ಒಳ್ಳೆಯ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಜೀವರಾಶಿಯನ್ನು, ಅಂದರೆ ಕಟ್ಟಿಗೆ, ನಾರಿನಂಥ ಸಸ್ಯದ ವಸ್ತುವನ್ನು, ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲ ಮಾಡಿ, ಒಂದು ಕಿಲೋ ಜೀವರಾಶಿಗೆ 100 ಗ್ರಾಂ ಜಲಜನಕ ತೆಗೆದಿದ್ದಾರೆ. ಕಟ್ಟಿಗೆಯಲ್ಲಿರುವ ಜಲಜನಕವೇ 60 ಗ್ರಾಂ, ಉಳಿದದ್ದು ಹಬೆಯ ನೀರಿನಿಂದ ಬಂದದ್ದು.

ಅಡಿಕೆ ಬೇಯಿಸಿದ ಚೊಗರನ್ನು ಮಾತ್ರ ಯಾವ ತೊಟ್ಟಿಗೂ ಸುರಿಯಬೇಡಿ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಬ್ಯಾಕ್ಟೀರಿಯಾಗಳನ್ನು ಕಟ್ಟಿಹಾಕುತ್ತದೆ.

ಕಾರವಾರದ ಬೈತಖೋಲ ಬಂದರಿನ ಮೀನಿನ ಕಸ? ಅದು ಪ್ರೋಟೀನ್ ಮತ್ತು ಎಣ್ಣೆ. ಜಲಜನಕ ತೀರಾ ಕಡಿಮೆ ಬರುತ್ತದೆ, ಅಮೋನಿಯಾ ಜಾಸ್ತಿ. ಸಗಣಿ ಜೊತೆ ಸ್ವಲ್ಪ ಬೆರೆಸಿ ಗೋಬರ್ ಗ್ಯಾಸಿಗೆ ಹಾಕುವುದೇ ಸರಿ.

ಪಾಚಿ ಬಿಸಿಲಲ್ಲಿ ನೀರನ್ನೇ ಒಡೆದು ಜಲಜನಕ ಕೊಡುತ್ತದಂತೆ, ಹೌದಾ?

ಹೌದು, ನಿಜ. 1939ರಲ್ಲಿ ಹಾನ್ಸ್ ಗ್ಯಾಫ್ರನ್ ಎಂಬ ವಿಜ್ಞಾನಿ ಹಸಿರು ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸಿ ಜಲಜನಕದ ಕಡೆ ಹೊರಳುವುದನ್ನು ಗಮನಿಸಿದರು. ತೊಂದರೆ ಇಷ್ಟೇ: ನೀರು ಒಡೆದಾಗ ಆಮ್ಲಜನಕವೂ ಬರುತ್ತದೆ, ಆಮ್ಲಜನಕ ಹೈಡ್ರೋಜನೇಸನ್ನು ಕೆಡಿಸುತ್ತದೆ. ತಾನು ಕಟ್ಟಿದ ಒಲೆಯ ಮೇಲೆ ತಾನೇ ನೀರು ಸುರಿದ ಹಾಗೆ.

2000ದಲ್ಲಿ ಅನಸ್ತಾಸಿಯೋಸ್ ಮೆಲಿಸ್ ಮತ್ತು ಜೊತೆಯವರು ಒಂದು ಉಪಾಯ ತೋರಿಸಿದರು. ಕ್ಲಾಮಿಡೋಮೊನಾಸ್ ಪಾಚಿಗೆ ಗಂಧಕ ಕೊಡುವುದನ್ನು ನಿಲ್ಲಿಸಿದರು. ಗಂಧಕ ಇಲ್ಲದೆ ನೀರು ಒಡೆಯುವ ಭಾಗದ ರಿಪೇರಿ ನಿಂತಿತು, ಆಮ್ಲಜನಕ ಇಳಿಯಿತು, ಪಾಚಿ ಕೆಲವು ದಿನ ಜಲಜನಕ ಬಿಟ್ಟಿತು. ಆಮೇಲೆ ಸುಸ್ತಾಯಿತು. ಮತ್ತೆ ಗಂಧಕ ಕೊಟ್ಟು ಚೇತರಿಸಬೇಕು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಜಲಜನಕವಾದರೂ ದೊಡ್ಡದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಮಾತಿದೆ. ಜೂನ್ ಬಂದರೆ ಮೋಡ ಕವಿಯುತ್ತದೆ, ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ. ಬಿಸಿಲು ನಂಬಿದ ಕೊಳ ನಾಲ್ಕು ತಿಂಗಳು ಸುಮ್ನೆ ಕೂರುತ್ತದೆ. ಕತ್ತಲಲ್ಲಿ ದುಡಿಯುವ ಬ್ಯಾಕ್ಟೀರಿಯಾಕ್ಕೆ ಮೋಡದ ಹಂಗಿಲ್ಲ. ಚಳಿ ಮಾತ್ರ ಆಗದು, ಮಳೆಗಾಲದಲ್ಲಿ ಗೋಬರ್ ಗ್ಯಾಸ್ ಕಡಿಮೆ ಬರುವುದು ನಿಮಗೇ ಗೊತ್ತಲ್ಲ. ತೊಟ್ಟಿಯನ್ನು 35 ಡಿಗ್ರಿ ಹತ್ತಿರ ಇಟ್ಟರೆ ಆಯಿತು. ಹಾಗಾಗಿ ಉತ್ತರ ಕನ್ನಡಕ್ಕೆ ನಾನು ಕತ್ತಲ ದಾರಿಯನ್ನೇ ಹಿಡಿಯುತ್ತೇನೆ.

ಕತ್ತಲ ತೊಟ್ಟಿಯಲ್ಲಿ ಉಳಿದ ಹುಳಿಯಿಂದಲೂ ಜಲಜನಕ ತೆಗೆಯಲು ಬರುವುದಿಲ್ಲವಾ?

ಎರಡು ದಾರಿ ಇವೆ. ಒಂದು, ಕೆನ್ನೇರಳೆ ಬಣ್ಣದ ಬ್ಯಾಕ್ಟೀರಿಯಾ. ಬೆಳಕು ಸಿಕ್ಕರೆ ಇವು ಅಸಿಟಿಕ್ ಆಮ್ಲವನ್ನೂ ಒಡೆದು ಜಲಜನಕ ಬಿಡುತ್ತವೆ. ಗೆಸ್ಟ್ ಮತ್ತು ಕೇಮನ್ 1949ರಲ್ಲೇ ಇದನ್ನು ಕಂಡಿದ್ದರು. ಕತ್ತಲಲ್ಲಿ ನಾಲ್ಕು, ಬೆಳಕಲ್ಲಿ ಎಂಟು, ಒಟ್ಟು ಒಂದು ಗ್ಲೂಕೋಸಿಗೆ ಹನ್ನೆರಡು ಅಣು ಎನ್ನುವುದು ಕಾಗದದ ಮೇಲಿನ ಪೂರ್ತಿ ಲೆಕ್ಕ.

ಇನ್ನೊಂದು, 2005ರಲ್ಲಿ ಬಂದ ಸೂಕ್ಷ್ಮಜೀವಿ ವಿದ್ಯುತ್ ಕೋಶ. ಇಂಗಾಲದ ಕಡ್ಡಿಯ ಮೇಲೆ ಬೆಳೆದ ಬ್ಯಾಕ್ಟೀರಿಯಾ ಹುಳಿಯನ್ನು ತಿಂದು ಎಲೆಕ್ಟ್ರಾನನ್ನು ನೇರ ಕಡ್ಡಿಗೇ ಕೊಡುತ್ತದೆ. ಹೊರಗಿನಿಂದ ಅರ್ಧ ವೋಲ್ಟ್ ಆಸುಪಾಸು ಕೊಟ್ಟರೆ ಇನ್ನೊಂದು ಕಡ್ಡಿಯಲ್ಲಿ ಜಲಜನಕ. ಬರೀ ನೀರನ್ನು ಒಡೆಯಲು ಯಂತ್ರಕ್ಕೆ ಎರಡು ವೋಲ್ಟಿನ ಹತ್ತಿರ ಬೇಕು. ಈ ದಾರಿಯ ಮೇಲೆ ನನಗೆ ಬಹಳ ಭರವಸೆ.

ಗಜನಿ ಕೆಸರು, ಕಡಲಕಳೆ ಬಳಸಬಹುದಾ?

ಅಘನಾಶಿನಿ ಅಳಿವೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಹತ್ತುವ ತಗ್ಗು ಗದ್ದೆಯಲ್ಲಿ, ಇಳಿದವರಿಗೆ ಗೊತ್ತು, ಕಾಲು ಕಿತ್ತ ಜಾಗದಲ್ಲಿ ಕಪ್ಪು ಕೆಸರು ಗುಳುಗುಳು ಅನ್ನುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬೆಳ್ಳಿಯ ಕಾಲುಂಗುರ ಇದ್ದರೆ ಕಪ್ಪಾಗುತ್ತದೆ. ಕೆಸರಲ್ಲೂ ಜಲಜನಕ ಹುಟ್ಟುತ್ತಿದೆ. ಆದರೆ ಸಮುದ್ರದ ನೀರಿನಲ್ಲಿ ಸಲ್ಫೇಟ್ ಇದೆ. ಅದನ್ನು ಉಸಿರಾಡುವ ಬ್ಯಾಕ್ಟೀರಿಯಾ ಜಲಜನಕವನ್ನು ಮೊದಲೇ ತಿಂದು, ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕಡಲಕಳೆಯಲ್ಲಿ ಲಿಗ್ನಿನ್ ಗೋಜು ಇಲ್ಲ, ಸಕ್ಕರೆ ಸುಲಭವಾಗಿ ಬಿಡುತ್ತದೆ. ಉಪ್ಪನ್ನು ಸಿಹಿನೀರಿನಲ್ಲಿ ತೊಳೆದೇ ಹಾಕಬೇಕು. ಬಂಡೆಯ ಮೇಲಿನದನ್ನು ಕೆರೆದು ತರುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ, ಮೀನುಮರಿಗಳು ಅಲ್ಲಿ ಬೆಳೆಯುತ್ತವೆ.

ಕೈಗಾದ ಕರೆಂಟಿನಿಂದ ನೀರು ಒಡೆದರೆ ಸುಲಭ ಅಲ್ವಾ?

ಒಡೆಯಬಹುದು. ಒಂದು ಕಿಲೋಗೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಆದರೆ ಕೈಗಾ ಅಣುಸ್ಥಾವರ, ನವೀಕರಿಸುವ ಮೂಲ ಅಲ್ಲ. 2023ರ ಆಗಸ್ಟಿನಲ್ಲಿ ಬಂದ ಸರ್ಕಾರದ ಮಾನದಂಡದಂತೆ ಹಸಿರು ಅನ್ನಿಸಿಕೊಳ್ಳಲು ಮೂಲ ನವೀಕರಿಸುವಂಥದ್ದಾಗಿರಬೇಕು, ಕಿಲೋಗೆ 2 ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರಬಾರದು. ಜೀವರಾಶಿಯಿಂದ ತೆಗೆದದ್ದಕ್ಕೂ ಆ ಮಾನದಂಡದಲ್ಲಿ ಜಾಗ ಇದೆ.

ಬೈಕಿಗೆ ನೀರು ಹಾಕಿ ಜಲಜನಕದಲ್ಲಿ ಓಡಿಸುವ ಕಿಟ್ ಮಾರಲು ಬಂದಿದ್ದರು. ತಗೊಳ್ಳಲಾ?

ಬೇಡ. ನೀರು ಒಡೆಯಲು ಬ್ಯಾಟರಿ ಕೊಡುವ ಶಕ್ತಿಗಿಂತ ಉರಿಸಿದಾಗ ಸಿಗುವುದು ಯಾವಾಗಲೂ ಕಡಿಮೆ. ಆ ಬ್ಯಾಟರಿಯನ್ನು ತುಂಬುವುದು ನಿಮ್ಮದೇ ಪೆಟ್ರೋಲು.

ಅಪಾಯ ಎಷ್ಟು? ಮಕ್ಕಳ ಕೈಗೆ ಕೊಡಬಹುದಾ?

ಗೋಬರ್ ಗ್ಯಾಸಿಗಿಂತ ಹೆಚ್ಚು ಎಚ್ಚರ ಬೇಕು. ಮಿಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಇದ್ದಾಗ ಹೊತ್ತಿಕೊಳ್ಳುತ್ತದೆ. ಜಲಜನಕ 4ರಿಂದ 75ರವರೆಗೂ. ಹೊತ್ತಲು ಬೇಕಾದ ಕಿಡಿಯೂ ಮಿಥೇನಿಗೆ ಬೇಕಾದದ್ದರ ಹತ್ತನೇ ಒಂದಕ್ಕಿಂತ ಕಡಿಮೆ. ಶುದ್ಧ ಜಲಜನಕಕ್ಕೆ ವಾಸನೆ ಇಲ್ಲ, ಹಗಲಲ್ಲಿ ಜ್ವಾಲೆ ಕಾಣುವುದೇ ಇಲ್ಲ. ಗಾಳಿಗಿಂತ 14 ಪಟ್ಟು ಹಗುರ ಇರುವುದರಿಂದ ಮೇಲೆ ಹಾರಿ ಹೋಗುತ್ತದೆ, ಅದೊಂದು ಒಳ್ಳೆಯದು. ಮುಚ್ಚಿದ ಕೋಣೆಯ ಹಂಚಿನ ಕೆಳಗೆ ನಿಂತರೆ ಕೆಟ್ಟದ್ದು.

ಬಾಟಲಿ ಪ್ರಯೋಗವನ್ನು ಮಕ್ಕಳು ಮಾಡಬಹುದು, ದೊಡ್ಡವರು ಪಕ್ಕದಲ್ಲಿರಬೇಕು. ಬಾಟಲಿ ಗಾಜಿನದ್ದು ಬೇಡ, ಪೈಪಿನ ದಾರಿ ಕಟ್ಟಿಕೊಂಡರೆ ಸಿಡಿಯುತ್ತದೆ. ಬಲೂನಿಗೆ ಹಿಡಿದು ಕಡ್ಡಿ ಗೀರಬಾರದು. ಬೆಂಕಿ ತೋರಿಸುವುದು ಒಂದು ಪ್ರನಾಳದಷ್ಟಕ್ಕೆ ಮಾತ್ರ, ಅದೂ ಬಾಟಲಿಯಿಂದ ದೂರ, ಹೊರಗೆ ಅಂಗಳದಲ್ಲಿ. ಬಾಟಲಿಯನ್ನು ನೊರೆಗೆ ಜಾಗ ಬಿಟ್ಟು ಮುಕ್ಕಾಲು ಮಾತ್ರ ತುಂಬಿ, ಶಾಲು ಸುತ್ತಿ ಒಲೆಕಟ್ಟೆಯ ಪಕ್ಕದ ಬಿಸಿಯಲ್ಲಿಡಿ, ಉರಿಯ ಹತ್ತಿರ ಅಲ್ಲ. ಕೆಲಸ ಮುಗಿದ ಮೇಲೆ ಹುಳಿ ನೀರನ್ನು ಚೆಲ್ಲಬೇಡಿ, ಗೋಬರ್ ಗ್ಯಾಸ್ ಗುಂಡಿಗೆ ಹಾಕಿ.